ಹದಿನಾರಾಣೆ ಸತ್ಯಕ್ಕೆ ಹದಿನಾರೇ ಯಾಕೆ?

"ಅವನು ಹೇಳಿದ್ದು ಹದಿನಾರಾಣೆ ಸತ್ಯ" ಅಂತೀವಿ. ಹದಿನೈದೋ ಇಪ್ಪತ್ತೋ ಯಾಕಲ್ಲ? ಹಿಂದೆ ರೂಪಾಯಿಗೆ ಹದಿನಾರು ಆಣೆ. ಹದಿನಾರೂ ಕೈಗೆ ಬಂದರೆ ಒಂದು ಕಾಸೂ ಖೋತಾ ಇಲ್ಲದ ಪೂರ್ತಿ ರೂಪಾಯಿ. ಅಷ್ಟೇ. ಇದಕ್ಕೆ ರಾಜರಾಣಿಯರ ಕಥೆ ಹುಡುಕಬೇಕಾಗಿಲ್ಲ. ನಮ್ಮ ಎಷ್ಟೋ ನುಡಿಗಟ್ಟುಗಳು ಹುಟ್ಟಿದ್ದು ಸಂತೆಯಲ್ಲಿ, ಅಂಗಡಿ ಕಟ್ಟೆಯ ಮೇಲೆ.

ವಿಜಯನಗರದ ವರಹ, ಮೈಸೂರಿನ ಕಂಠೀರಾಯ ಹಣ, ಟಿಪ್ಪುವಿನ ಆನೆ ಗುರುತಿನ ತಾಮ್ರದ ಕಾಸು, 1835ರ ಕಂಪನಿ ರೂಪಾಯಿ, ಎಲ್ಲ ಬಂದು ಹೋದವು. ಹೋಗುವಾಗ ಹೆಸರು ಬಿಟ್ಟು ಹೋದವು. 'ಹಣ' ಅಂದರೆ ಒಂದು ಕಾಲಕ್ಕೆ ಪುಟ್ಟ ಚಿನ್ನದ ನಾಣ್ಯ. 'ದುಡ್ಡು' ತಾಮ್ರದ್ದು. 'ಕವಡೆ ಕಾಸಿನ ಕಿಮ್ಮತ್ತಿಲ್ಲ' ಅನ್ನುವಾಗಿನ ಕವಡೆಯೂ ಸುಮ್ನೆ ಬಂದಿದ್ದಲ್ಲ. ಮಾಲ್ಡೀವ್ಸ್ ಕಡಲಿನ ಕವಡೆ ದೇಶದ ಹಲವು ಕಡೆ ಚಿಲ್ಲರೆಯಾಗಿ ಚಲಾವಣೆಯಲ್ಲಿತ್ತು.

ದೊಡ್ಡ ಬದಲಾವಣೆ ಆದದ್ದು 1957ರ ಏಪ್ರಿಲ್ 1ರಂದು. ಅಂದಿನಿಂದ ರೂಪಾಯಿಗೆ ನೂರು ನಯಾ ಪೈಸೆ. ಹಳೆಯ ನಾಣ್ಯವೂ ಹೊಸದೂ ಕೆಲ ಕಾಲ ಒಟ್ಟಿಗೇ ಓಡಾಡಿದವು. ಲೆಕ್ಕ ಹಾಕಿದರೆ ಒಂದಾಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯನ್ನು ಯಾರು ಎಲ್ಲಿಂದ ತರಬೇಕು? ಅದಕ್ಕೇ ಕೋಷ್ಟಕದಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಅಂತ ಹೊಂದಿಸಿದರು. ನಾಲ್ಕಾಣೆಗೆ ಬಂದಾಗ ಮಾತ್ರ ಸರಿಯಾಗಿ 25. ಎಂಟಾಣೆಗೆ 50. ಒಂದಾಣೆ, ಎರಡಾಣೆ ಬಾಯಿಂದ ಜಾರಿಹೋಗಿ ನಾಲ್ಕಾಣೆ, ಎಂಟಾಣೆ ಉಳಿದುಕೊಂಡಿದ್ದು ಇದರಿಂದಲೇ ಅಂತ ನನಗನಿಸುತ್ತದೆ. 1964ರಲ್ಲಿ 'ನಯಾ' ಬಿಟ್ಟುಹೋಯಿತು. 2011ರ ಜೂನ್ 30ಕ್ಕೆ 25 ಪೈಸೆಯ ಚಲಾವಣೆಯೂ ನಿಂತಿತು. 'ನಾಲ್ಕಾಣೆ ಕೋಳಿಗೆ ಹನ್ನೆರಡಾಣೆ ಮಸಾಲೆ' ಮಾತ್ರ ಇನ್ನೂ ನಡೆಯುತ್ತಿದೆ. ಕೋಳಿಗಿಂತ ಮಸಾಲೆಗೆ ಮೂರು ಪಟ್ಟು ಖರ್ಚು ಅನ್ನುವುದು ಆಣೆ ನೋಡದವರಿಗೂ ತಿಳಿಯುತ್ತದೆ.

ಸೇರಿನ ಪಾಡು ಹಾಗಲ್ಲ. 1958ರ ಅಕ್ಟೋಬರಿನಿಂದ ಕಿಲೋ, ಆಮೇಲೆ ಲೀಟರು ಹಂತಹಂತವಾಗಿ ಬಂದು ಸೇರು, ಪಾವು, ಚಟಾಕು ಅಂಗಡಿಯಿಂದ ಹೊರಬಿದ್ದವು. 'ಸೇರಿಗೆ ಸವ್ವಾಸೇರು' ಅಂದರೆ ಈಗಿನ ಮಕ್ಕಳು ಬೆರಗಾಗಿ ನೋಡುತ್ತಾರೆ. ಸವ್ವಾ ಅಂದರೆ ಒಂದೂಕಾಲು. ನೀನು ಒಂದು ಸೇರಾದರೆ ನಾನು ಅದಕ್ಕಿಂತ ಒಂದು ಪಾವು ಜಾಸ್ತಿ, ಇಷ್ಟೇ ಅದರ ಗತ್ತು. ಎರಡು ಸೇರು ಅಂದಿದ್ದರೆ ಜಂಬವಾಗುತ್ತಿತ್ತು. ಕಾಲು ಭಾಗ ಹೆಚ್ಚು ಅಂದದ್ದರಲ್ಲೇ ಪೈಪೋಟಿಯ ರುಚಿ ಇದೆ.

ಹೊಸ ಅಳತೆಯಿಂದ ಲೆಕ್ಕ ಸುಲಭವಾಯಿತು, ಒಳ್ಳೆಯದೇ ಆಯಿತು. ಆದರೆ ಕಾಲು, ಅರೆ, ಸವಾಯಿ ಮಗ್ಗಿಗಳೂ ಅದರ ಜೊತೆಗೇ ಶಾಲೆಯಿಂದ ಹೋದವು. ಈಗ ನುಡಿಗಟ್ಟು ಬರುವುದು ಪಾಠದ ಕೊನೆಗೆ, 'ಸ್ವಂತ ವಾಕ್ಯದಲ್ಲಿ ಬಳಸಿರಿ' ಅಂತ. ಮಕ್ಕಳು ಅರ್ಥ ಬಾಯಿಪಾಠ ಮಾಡಿ ಅಂಕ ತೆಗೆಯುತ್ತಾರೆ. ಅಟ್ಟದ ಸೇರು ಇಳಿಸಿ ಅಕ್ಕಿ ಅಳೆದು ತೋರಿಸಿದರೆ ಎರಡು ನಿಮಿಷದ ಕೆಲಸ, ಅಲ್ವಾ?

ಮದುವೆಯಾದ ಹೆಣ್ಣು ಗಂಡನ ಮನೆಯ ಹೊಸ್ತಿಲಲ್ಲಿಟ್ಟ ಅಕ್ಕಿಯ ಸೇರನ್ನು ಬಲಗಾಲಲ್ಲಿ ಒದ್ದು ಒಳಗೆ ಬರುತ್ತಾಳೆ. ಎಷ್ಟೋ ಮನೆಗಳಲ್ಲಿ ಸೇರು ಕೆಳಗಿಳಿಯುವುದು ಅದೊಂದೇ ದಿನ.