ಜೈವಿಕ ವೇಗವರ್ಧನೆ: ಔಷಧ ಕಾರ್ಖಾನೆಯಲ್ಲಿ ಕಿಣ್ವಗಳ ಕೆಲಸ

ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸಿ, ತಾನು ಮಾತ್ರ ಖರ್ಚಾಗದೆ ಉಳಿಯುವ ವಸ್ತುವೇ ವೇಗವರ್ಧಕ. ಈ ಕೆಲಸಕ್ಕೆ ಲೋಹ, ಆಮ್ಲಗಳ ಬದಲು ಜೀವಕೋಶಗಳು ತಯಾರಿಸುವ ಕಿಣ್ವಗಳನ್ನು, ಅಂದರೆ ಎಂಜೈಮುಗಳನ್ನು, ಬಳಸಿಕೊಳ್ಳುವುದಕ್ಕೆ ಜೈವಿಕ ವೇಗವರ್ಧನೆ ಎಂದು ಹೆಸರು. ಹೆಸರಿನಲ್ಲಿ ವೇಗವಿದ್ದರೂ, ಔಷಧ ತಯಾರಕರಿಗೆ ಅದಕ್ಕಿಂತ ಮುಖ್ಯವಾದದ್ದು ಕಿಣ್ವದ ನಿಖರತೆ. ಅಣುವಿನ ಹತ್ತಾರು ಬಂಧಗಳ ನಡುವೆ ತನಗೆ ಬೇಕಾದ ಒಂದನ್ನೇ ಮುಟ್ಟಿ, ಉಳಿದವನ್ನು ಹಾಗೇ ಬಿಡುವುದು ಅದಕ್ಕೆ ಗೊತ್ತು.

ಪೆನಿಸಿಲಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಆಂಪಿಸಿಲಿನ್, ಅಮಾಕ್ಸಿಸಿಲಿನ್ ಎಂಬ ಪ್ರತಿಜೀವಕ ಔಷಧಗಳನ್ನು ತಯಾರಿಸಲು ಬೂಷ್ಟಿನಿಂದ ಸಿಗುವ ಪೆನಿಸಿಲಿನ್-ಜಿಯ ಪಕ್ಕದ ಸರಪಳಿಯನ್ನು ಕತ್ತರಿಸಿ, 6-ಎಪಿಎ ಎಂಬ ತಿರುಳನ್ನು ಬಿಡಿಸಿಕೊಳ್ಳಬೇಕು. ತೊಡಕಿರುವುದು ಇಲ್ಲೇ. ಬ್ಯಾಕ್ಟೀರಿಯಾವನ್ನು ಕೊಲ್ಲುವ ಶಕ್ತಿ ಇರುವುದು ಆ ತಿರುಳಿನ ಬೀಟಾ-ಲ್ಯಾಕ್ಟಮ್ ಎಂಬ ಪರಮಾಣುಗಳ ಉಂಗುರದಲ್ಲಿ, ಮತ್ತು ಆ ಉಂಗುರ ಸರಪಳಿಯ ಬಂಧಕ್ಕಿಂತ ಬಲು ಸುಲಭವಾಗಿ ಒಡೆಯುತ್ತದೆ. ಹಾಗಾಗಿ ಹಳೆಯ ರಾಸಾಯನಿಕ ವಿಧಾನ ಬಳಸು ದಾರಿ ಹಿಡಿದಿತ್ತು: ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್ ಚಳಿ, ತೇವ ಸೋಂಕದಂತೆ ಕಾದಿಟ್ಟ ದ್ರಾವಕ, ಫಾಸ್ಫರಸ್ ಪೆಂಟಾಕ್ಲೋರೈಡ್ ಎಂಬ ರಾಸಾಯನಿಕ. ಪೆನಿಸಿಲಿನ್ ಅಸೈಲೇಸ್ ಎಂಬ ಕಿಣ್ವ ಅದೇ ಕೆಲಸವನ್ನು ಉಗುರುಬೆಚ್ಚನೆಯ ನೀರಿನಲ್ಲಿ ಮಾಡಿ ಮುಗಿಸುತ್ತದೆ. ಉಂಗುರದ ತಂಟೆಗೇ ಹೋಗುವುದಿಲ್ಲ. ಕಿಣ್ವವನ್ನು ಸಣ್ಣ ಮಣಿಗಳಿಗೆ ಅಂಟಿಸಿರುತ್ತಾರೆ. ಕ್ರಿಯೆ ನಡೆದಂತೆ ಆಮ್ಲ ಹುಟ್ಟುವುದರಿಂದ, ಅದನ್ನು ತಟಸ್ಥಗೊಳಿಸಲು ಕ್ಷಾರವನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಿರಬೇಕು. ಕೆಲಸ ಮುಗಿದ ಮೇಲೆ ಮಣಿಗಳನ್ನು ಸೋಸಿಕೊಂಡರೆ ಮುಂದಿನ ಸರದಿಗೂ ಅವೇ ಸಾಕು.

ನಿಖರತೆ ಬೇಕಾಗುವ ಇನ್ನೊಂದು ಕಡೆ ಅಣುವಿನ ಎಡ-ಬಲ. ಅನೇಕ ಔಷಧದ ಅಣುಗಳಿಗೆ ಕನ್ನಡಿಯ ಬಿಂಬದಂಥ ಜೋಡಿ ಇರುತ್ತದೆ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಿಡಿಸದ ಹಾಗೆ, ಎಷ್ಟೋ ಸಲ ಎರಡರಲ್ಲಿ ಒಂದು ಮಾತ್ರ ದೇಹದಲ್ಲಿ ಸರಿಯಾಗಿ ಕೂರುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಸಿಟಾಗ್ಲಿಪ್ಟಿನ್ ಅಂಥದ್ದು. ಮೊದಲು ಅದನ್ನು ಹೆಚ್ಚಿನ ಒತ್ತಡದ ಹೈಡ್ರೋಜನ್ ಮತ್ತು ದುಬಾರಿ ಲೋಹವಾದ ರೋಡಿಯಂ ಬಳಸಿ ಮಾಡುತ್ತಿದ್ದರು. ಬೇಡದ ಜೋಡಿ ಒಂದಿಷ್ಟು ಉಳಿದೇ ಉಳಿಯುತ್ತಿತ್ತು. ಲೋಹದ ಅಂಶವನ್ನೂ ತೆಗೆಯಬೇಕಿತ್ತು. ಮರ್ಕ್ ಮತ್ತು ಕೊಡೆಕ್ಸಿಸ್ ಕಂಪನಿಗಳು ಟ್ರಾನ್ಸಮಿನೇಸ್ ಎಂಬ ಕಿಣ್ವವನ್ನು ಈ ಕೆಲಸಕ್ಕೆ ಆರಿಸಿಕೊಂಡವು. ಆದರೆ ಮೂಲ ಕಿಣ್ವಕ್ಕೆ ಈ ದೊಡ್ಡ ಅಣು ಹಿಡಿಸುತ್ತಲೇ ಇರಲಿಲ್ಲ.

ಆಗ ನೆರವಾದದ್ದು ನಿರ್ದೇಶಿತ ವಿಕಾಸ. ಕಿಣ್ವದ ಜೀನಿನಲ್ಲಿ ಬದಲಾವಣೆ ಮಾಡಿ, ಹುಟ್ಟಿದ ಸಾವಿರಾರು ರೂಪಗಳನ್ನು ಪರೀಕ್ಷಿಸಿ, ಗೆದ್ದದ್ದನ್ನೇ ಮುಂದಿನ ಸುತ್ತಿಗೆ ಬೀಜವಾಗಿಸುವ ಈ ವಿಧಾನಕ್ಕಾಗಿ ಅಮೆರಿಕದ ವಿಜ್ಞಾನಿ ಫ್ರಾನ್ಸಿಸ್ ಆರ್ನಾಲ್ಡ್ 2018ರ ರಸಾಯನಶಾಸ್ತ್ರ ನೊಬೆಲ್‌ನ ಅರ್ಧ ಪಾಲು ಪಡೆದರು. 27 ಕಡೆ ಬದಲಾದ ಟ್ರಾನ್ಸಮಿನೇಸ್ ಈಗ ಬೇಕಾದ ಜೋಡಿಯನ್ನು ಶೇ. 99.95ಕ್ಕೂ ಮೀರಿದ ಶುದ್ಧತೆಯಲ್ಲಿ ಕೊಡುತ್ತದೆ. 2010ರಲ್ಲಿ ಪ್ರಕಟವಾದ ಆ ಕೆಲಸವನ್ನು ಈ ಕ್ಷೇತ್ರದ ನಿಜವಾದ ತಿರುವು ಎಂದೇ ನಾನು ಎಣಿಸುತ್ತೇನೆ. ಸಿಕ್ಕ ಕಿಣ್ವಕ್ಕೆ ಒಗ್ಗುವಂತೆ ಕ್ರಿಯೆಯನ್ನು ಹೊಂದಿಸುವ ಬದಲು, ಕ್ರಿಯೆಗೆ ಬೇಕಾದ ಕಿಣ್ವವನ್ನೇ ರೂಪಿಸಬಹುದು ಎಂದು ಅದು ಕಾರ್ಖಾನೆಯ ಮಟ್ಟದಲ್ಲಿ ತೋರಿಸಿಕೊಟ್ಟಿತು.

ಎಲ್ಲಕ್ಕೂ ಇದು ಒದಗುವುದಿಲ್ಲ. ಬಿಸಿ ಹೆಚ್ಚಾದರೆ ಹೆಚ್ಚಿನ ಕಿಣ್ವಗಳು ಕೆಡುತ್ತವೆ, ಕೆಲವು ಕ್ರಿಯೆಗಳಿಗೆ ತಕ್ಕ ಕಿಣ್ವವೇ ಇಲ್ಲ, ಇದ್ದರೂ ತಿದ್ದಿ ಹದಕ್ಕೆ ತರಲು ಕಾಲ ಹಿಡಿಯುತ್ತದೆ. ಆದರೂ ಕಿಣ್ವಗಳಿಗೆ ಲೋಹಗಳಲ್ಲಿ ಅಪರೂಪವಾದ ಒಂದು ಅನುಕೂಲವಿದೆ: ಅನೇಕ ಕಿಣ್ವಗಳು ಒಂದೇ ನೀರಿನಲ್ಲಿ, ಹೆಚ್ಚುಕಡಿಮೆ ಒಂದೇ ಶಾಖದಲ್ಲಿ ಕೆಲಸ ಮಾಡಬಲ್ಲವು. ಎಚ್‌ಐವಿ ಔಷಧ ಇಸ್ಲಾಟ್ರಾವಿರ್‌ಗಾಗಿ 2019ರಲ್ಲಿ ಪ್ರಕಟವಾದ ವಿಧಾನದಲ್ಲಿ ಒಂಬತ್ತು ಕಿಣ್ವಗಳಿವೆ. ಅವುಗಳಲ್ಲಿ ಐದು ಹೀಗೆ ವಿಕಾಸಗೊಳಿಸಿದವು. ನಡುವೆ ಹುಟ್ಟುವ ಯಾವ ವಸ್ತುವನ್ನೂ ಹೊರತೆಗೆದು ಶುದ್ಧಮಾಡುವುದಿಲ್ಲ. ಜೀವಕೋಶದೊಳಗೆ ನಡೆಯುವಂತೆಯೇ ಒಂದು ಕಿಣ್ವ ಮಾಡಿಟ್ಟದ್ದನ್ನು ಮುಂದಿನದು ಎತ್ತಿಕೊಳ್ಳುತ್ತದೆ.