ಸಲಹಾ ಪೆಟ್ಟಿಗೆ ಎಲ್ಲಿದೆ?

ಆಸರೆ ಬೇಕಾದ ಮಕ್ಕಳು ಉಳಿದುಕೊಳ್ಳುವ ಬಾಲಮಂದಿರಕ್ಕೆ ತಪಾಸಣೆಗೆ ಬಂದವರು ಹಾಸಿಗೆ, ಅಡುಗೆಮನೆ, ಶೌಚಾಲಯ, ಹಾಜರಾತಿ ಪುಸ್ತಕ ನೋಡುತ್ತಾರೆ. ನೋಡಲೇಬೇಕು. ಆದರೆ ಆಪ್ತಸಮಾಲೋಚಕಿಯಾಗಿ ನಾನು ಮಕ್ಕಳ ಪಕ್ಕ ಕೂತಾಗ ಊಟದ ಬಗ್ಗೆ ಎರಡು ಮಾತು ಬಂದರೆ ಜಾಸ್ತಿ. ಆಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: "ಅಕ್ಕ, ನನ್ನನ್ನ ಮನೆಗೆ ಯಾವಾಗ ಕಳಿಸ್ತಾರೆ?"

ಆರೈಕೆ, ರಕ್ಷಣೆ ಬೇಕಾದ ಮಗುವನ್ನು 24 ಗಂಟೆಯೊಳಗೆ, ಮಗು ಎಲ್ಲಿರಬೇಕೆಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆತರಬೇಕು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ. ಪ್ರಯಾಣದ ಹೊತ್ತು ಮಾತ್ರ ಅದರಲ್ಲಿ ಸೇರುವುದಿಲ್ಲ. ಒಳ್ಳೆಯ ನಿಯಮವೇ. ಆದರೆ ಬಾಲಮಂದಿರಕ್ಕೆ ಬರುವಷ್ಟರಲ್ಲಿ ಎಷ್ಟೋ ಮಕ್ಕಳು ಪೊಲೀಸರಿಗೆ, ಸಹಾಯವಾಣಿಯವರಿಗೆ, ಸಮಿತಿಗೆ ಅದೇ ಕಥೆ ಹೇಳಿ ಸುಸ್ತಾಗಿರುತ್ತಾರೆ. ಒಬ್ಬ ಹುಡುಗ ನನ್ನ ಮೊದಲ ಪ್ರಶ್ನೆಗೇ ತಲೆ ತಗ್ಗಿಸಿ ಹೇಳಿದ: "ಎಲ್ಲಾ ಹೇಳಿದೀನಿ. ಅವರು ಬರ್ಕೊಂಡಿದಾರೆ. ನೀವು ಓದ್ಕೊಳ್ಳಿ." ನಾನು ಫೈಲ್ ಓದದೆ ಹೋಗಿದ್ದೆ. ಅವತ್ತಿನಿಂದ ಓದದೆ ಯಾವ ಮಗುವಿನ ಮುಂದೆಯೂ ಕೂತಿಲ್ಲ.

ಮಕ್ಕಳ ಅಳತೆಗೋಲು ಇಂಥದ್ದು. ಎಲ್ಲಿಗೆ ಕರ್ಕೊಂಡು ಹೋಗ್ತಿದೀರಿ ಅಂತ ಮೊದಲೇ ಹೇಳಿದ್ರಾ? ಮನೆಯಿಂದ ತಂದ ಬ್ಯಾಗು ನನ್ನ ಹತ್ತಿರವೇ ಇರುತ್ತಾ? ಸೋಮವಾರ ಬರ್ತೀನಿ ಅಂದವರು ಸೋಮವಾರವೇ ಬಂದ್ರಾ? ಈ ಕೊನೆಯದು ತುಂಬಾ ದೊಡ್ಡದು. ಮಾತಿಗೆ ತಪ್ಪಿದ ದೊಡ್ಡವರನ್ನು ನೋಡಿಯೇ ಈ ಮಕ್ಕಳು ನಮ್ಮ ಹತ್ತಿರ ಬಂದಿರುತ್ತಾರೆ, ಅಲ್ವಾ?

ಮಗುವಿನ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು ಅಂತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಭಾರತ ಅದನ್ನು ಒಪ್ಪಿದ್ದು 1992ರಲ್ಲಿ. ಬಾಲನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳು ಪ್ರತಿ ಸಂಸ್ಥೆಯಲ್ಲೂ ಅಲ್ಲಿನ ಮಕ್ಕಳದ್ದೇ ಆದ ಮಕ್ಕಳ ಸಮಿತಿ, ಸಲಹಾ ಪೆಟ್ಟಿಗೆ ಇರಬೇಕು ಎನ್ನುತ್ತವೆ. ಪೆಟ್ಟಿಗೆ ಕಚೇರಿಯಿಂದ ದೂರ, ಮಕ್ಕಳು ಮಲಗುವ ಕೋಣೆಗಳ ಹತ್ತಿರ ಇರಬೇಕು. ವಾರಕ್ಕೊಮ್ಮೆ ಮಕ್ಕಳ ಸಮಿತಿಯ ಎದುರಲ್ಲೇ ತೆರೆಯಬೇಕು.

ನಾನು ಹೋಗುತ್ತಿದ್ದ ಒಂದು ಕಡೆ ಪೆಟ್ಟಿಗೆ ಅಧೀಕ್ಷಕರ ಬಾಗಿಲ ಪಕ್ಕದಲ್ಲೇ ಇತ್ತು. ಬೀಗಕ್ಕೆ ತುಕ್ಕು ಹಿಡಿದಿತ್ತು. "ದೂರುಗಳೇ ಇಲ್ಲ ಮೇಡಂ" ಅಂತ ಸಿಬ್ಬಂದಿ ಖುಷಿಯಿಂದ ಹೇಳಿದರು. ಮಕ್ಕಳನ್ನು ಕೇಳಿದೆ. ದೊಡ್ಡ ಹುಡುಗಿಯೊಬ್ಬಳು ಹೇಳಿದಳು: "ಚೀಟಿ ಹಾಕೋಕೆ ಹೋದ್ರೆ ಎಲ್ಲರಿಗೂ ಕಾಣುತ್ತೆ ಅಕ್ಕ. ಅಕ್ಷರ ನೋಡಿದ್ರೂ ಯಾರದ್ದು ಅಂತ ಗೊತ್ತಾಗುತ್ತೆ."

ಪೆಟ್ಟಿಗೆಯನ್ನು ಮೆಟ್ಟಿಲ ಕೆಳಗಿನ ಮೂಲೆಗೆ ಬದಲಾಯಿಸಿದೆವು. ಬರೆಯಲು ಇಷ್ಟವಿಲ್ಲದವರು ಚಿತ್ರ ಬಿಡಿಸಬಹುದು ಅಂದೆವು. ಮೊದಲ ವಾರ ಬಂದದ್ದು ಒಂದೇ ಚೀಟಿ. ಅದರಲ್ಲಿ ಒಂದು ಬಾಗಿಲು, ಅದರ ಮೇಲೆ ಕಪ್ಪು ಬಳಿದ ಬಲ್ಬು. ರಾತ್ರಿ ಬಾತ್‌ರೂಮಿನ ದಾರಿಯಲ್ಲಿ ದೀಪ ಇರಲಿಲ್ಲ. ಅವತ್ತೇ ಬಲ್ಬು ಹಾಕಿಸಿದರು. ಮುಂದಿನ ವಾರ ಪೆಟ್ಟಿಗೆ ತೆರೆದಾಗ ಹನ್ನೊಂದು ಚೀಟಿ ಇದ್ದವು.