ಗಣಿತದ ಮೇಡಂಗೆ 11, ಬಯೋಕೆಮಿಸ್ಟ್ರಿ ಸರ್‌ಗೆ 46: ದೊಡ್ಡ ಸಂಶೋಧಕರು ಯಾರು?

ಪ್ರಶ್ನೆ: ಸಂಶೋಧನಾ ಪೇಪರುಗಳನ್ನು ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ನಮ್ಮ ಗಣಿತದ ಮೇಡಂ ಅವರ ಎಚ್-ಇಂಡೆಕ್ಸ್ 11 ಅಂತಿದೆ. ಬಯೋಕೆಮಿಸ್ಟ್ರಿ ಸರ್ ಅವರದು 46. ಹಾಗಾದರೆ ಸರ್ ನಾಲ್ಕು ಪಟ್ಟು ದೊಡ್ಡ ಸಂಶೋಧಕರು ಅಂತಲಾ?

ಅಲ್ಲ. ಮೇಡಂ ಅವರೇ ಮುಂದಿರಬಹುದು, ಸರ್ ಕೂಡ ಇರಬಹುದು. ಈ ಎರಡು ಅಂಕಿಗಳಿಂದ ಮಾತ್ರ ಅದು ಗೊತ್ತಾಗುವುದಿಲ್ಲ.

ಮೊದಲು ಆ ಅಂಕಿ ಹೇಗೆ ಬರುತ್ತದೆ ನೋಡೋಣ. ನಿಮ್ಮ ಪೇಪರನ್ನು ಬೇರೆಯವರು ತಮ್ಮ ಪೇಪರಿನಲ್ಲಿ ಉಲ್ಲೇಖಿಸಿದರೆ ಅದು ಒಂದು ಸೈಟೇಶನ್. ಒಬ್ಬರು ಆರು ಪೇಪರ್ ಬರೆದಿದ್ದಾರೆ ಅಂದುಕೊಳ್ಳಿ. ಅವಕ್ಕೆ ಸಿಕ್ಕ ಸೈಟೇಶನ್‌ಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ 40, 18, 9, 5, 4, 1. ಎಷ್ಟನೇ ಪೇಪರೋ ಕನಿಷ್ಠ ಅಷ್ಟು ಸೈಟೇಶನ್ ಇರುವ ತನಕ ಮೇಲಿನಿಂದ ಎಣಿಸುತ್ತಾ ಬನ್ನಿ. ನಾಲ್ಕನೇ ಪೇಪರಿಗೆ 5 ಇದೆ, ಅಂದರೆ ನಾಲ್ಕಕ್ಕಿಂತ ಕಮ್ಮಿಯಿಲ್ಲ. ಐದನೆಯದಕ್ಕೆ ಐದು ಬೇಕಿತ್ತು, ಇರೋದು 4. ಅಲ್ಲಿಗೆ ನಿಂತಿತು. ಎಚ್-ಇಂಡೆಕ್ಸ್ 4. ತಮಾಷೆ ಏನಂದರೆ, ಮೊದಲ ಪೇಪರಿನ 40 ನಾಳೆ 4,000 ಆದರೂ ಇದು 4ರಲ್ಲೇ ಇರುತ್ತದೆ.

ಈ ಲೆಕ್ಕವನ್ನು 2005ರಲ್ಲಿ ಮುಂದಿಟ್ಟವರು ಹೋರ್ಹೆ ಹಿರ್ಶ್, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನ ಭೌತವಿಜ್ಞಾನಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅವರ ಆ ಪೇಪರಿನಲ್ಲೇ ಇದೆ. ಭೌತವಿಜ್ಞಾನದ ಪಟ್ಟಿಯಲ್ಲಿ ತುದಿಯಲ್ಲಿದ್ದವರು ಎಡ್ವರ್ಡ್ ವಿಟ್ಟನ್, 110. ಜೀವವಿಜ್ಞಾನದಲ್ಲಿ ಸಾಲೊಮನ್ ಸ್ನೈಡರ್, 191. ವಿಟ್ಟನ್ ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕವನ್ನೂ ಗೆದ್ದವರು. ಅವರನ್ನು ಸ್ನೈಡರ್‌ಗಿಂತ ಸಣ್ಣವರು ಅನ್ನೋಕಾಗುತ್ತಾ? ಕ್ಷೇತ್ರ ಬದಲಾದರೆ ಅಂಕಿಯ ಅರ್ಥವೂ ಬದಲಾಗುತ್ತದೆ ಅಂತ ಹಿರ್ಶ್ ಅವತ್ತೇ ಎಚ್ಚರಿಸಿದ್ದರು. ಅಂಕಿ ಎಲ್ಲರ ಕಿವಿಗೂ ಬಿತ್ತು, ಎಚ್ಚರಿಕೆ ಬೀಳಲಿಲ್ಲ.

ಯಾಕೆ ಹೀಗೆ? ಗಣಿತದವರು ಸಾಮಾನ್ಯವಾಗಿ ಒಬ್ಬರೇ ಅಥವಾ ಇಬ್ಬರು ಮೂವರು ಸೇರಿ ಬರೆಯುತ್ತಾರೆ. ಕೊನೆಯಲ್ಲಿ ಕೊಡುವ ಉಲ್ಲೇಖಗಳ ಪಟ್ಟಿಯೂ ಚಿಕ್ಕದು. ಒಂದು ಪ್ರಮೇಯ ಬೇರೆಯವರ ಕೈಗೆ ಬರುವ ಹೊತ್ತಿಗೆ ಹತ್ತು ವರ್ಷ ಆಗಿರಬಹುದು. ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ನಾಲ್ಕೈದು ಪಿಎಚ್‌ಡಿ ವಿದ್ಯಾರ್ಥಿಗಳು ಇದ್ದರೆ, ಅವರ ಪೇಪರುಗಳಲ್ಲೆಲ್ಲ ಗೈಡ್ ಹೆಸರೂ ಇರುತ್ತದೆ. ಆ ಕ್ಷೇತ್ರದಲ್ಲಿ ಬರೆಯುವವರೂ ಜಾಸ್ತಿ, ಒಬ್ಬೊಬ್ಬರು ಕೊಡುವ ಉಲ್ಲೇಖಗಳೂ ಜಾಸ್ತಿ.

ಇನ್ನು ಕಣ ಭೌತವಿಜ್ಞಾನದ ಕಥೆಯೇ ಬೇರೆ. 2015ರಲ್ಲಿ ಯುರೋಪಿನ ಕಣ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನ ಎರಡು ಪ್ರಯೋಗ ತಂಡಗಳು ಸೇರಿ ಹಿಗ್ಸ್ ಕಣದ ತೂಕದ ಬಗ್ಗೆ ಒಂದು ಪೇಪರ್ ಬರೆದವು. ಲೇಖಕರು 5,154 ಮಂದಿ! ಮೂವತ್ತಮೂರು ಪುಟಗಳಲ್ಲಿ ಇಪ್ಪತ್ತನಾಲ್ಕು ಪುಟ ಬರೀ ಹೆಸರು, ವಿಳಾಸ. ಅದಕ್ಕೆ ಬಂದ ಒಂದೊಂದು ಸೈಟೇಶನ್ನೂ ಅಷ್ಟೂ ಜನರ ಖಾತೆಗೆ ಇಡಿಯಾಗಿ ಜಮೆ.

ಸೈಟೇಶನ್ ಜಾಸ್ತಿ ಬಂದ ಮಾತ್ರಕ್ಕೆ ದೊಡ್ಡ ಶೋಧ ಅಂತಲೂ ಇಲ್ಲ. ಅತಿ ಹೆಚ್ಚು ಬಾರಿ ಉಲ್ಲೇಖವಾದ ಪೇಪರ್ ಅಂತ ಹೆಸರಾಗಿರುವುದು ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಬರೆದದ್ದು. ಮೂರು ಲಕ್ಷಕ್ಕೂ ಮೀರಿ ಸೈಟೇಶನ್. ಅದರಲ್ಲಿರೋದು ದ್ರಾವಣದಲ್ಲಿ ಎಷ್ಟು ಪ್ರೋಟೀನ್ ಇದೆ ಎಂದು ಅಳೆಯುವ ವಿಧಾನ. ತಾಮ್ರದ ದ್ರಾವಣ ಹಾಕು, ಇನ್ನೊಂದು ರಾಸಾಯನಿಕ ಬೆರೆಸು, ನೀಲಿ ಎಷ್ಟು ಗಾಢವಾಯಿತು ನೋಡು. ಲ್ಯಾಬಿನಲ್ಲಿ ಇದನ್ನು ಬಳಸಿದವರೆಲ್ಲ ಒಂದು ಸಾಲು ಬರೆದರು, ಅಷ್ಟೇ. ಅತ್ತ ಗಣಿತಜ್ಞ ಗ್ರಿಗೊರಿ ಪೆರೆಲ್ಮನ್ ಬಹುಕಾಲ ಬಿಡಿಸಲಾಗದೆ ಉಳಿದಿದ್ದ ಪ್ವಾಂಕರೆ ಊಹೆಯನ್ನು ಬಿಡಿಸಿದ ತಮ್ಮ ಮೂರು ಬರಹಗಳನ್ನು 2002–03ರಲ್ಲಿ ಸುಮ್ನೆ ಅಂತರ್ಜಾಲದಲ್ಲಿ ಹಾಕಿದರು. ಯಾವ ಜರ್ನಲ್ಲಿಗೂ ಕಳಿಸಲಿಲ್ಲ.

ನಮ್ಮ ಕನ್ನಡದ ಸಂಶೋಧಕರಿಗಂತೂ ಈ ತಕ್ಕಡಿ ಹೊಂದುವುದೇ ಇಲ್ಲ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವನ್ನು ಶಾಸನದ ಕೆಲಸ ಮಾಡುವವರು ಇವತ್ತಿಗೂ ತೆಗೆದು ನೋಡುತ್ತಾರೆ. ಆದರೆ ಒಂದು ಕನ್ನಡ ಪುಸ್ತಕದ ಅಡಿಟಿಪ್ಪಣಿಯಲ್ಲಿ ಇನ್ನೊಂದು ಕನ್ನಡ ಪುಸ್ತಕದ ಹೆಸರು ಬಂದರೆ ಅದನ್ನು ಎಣಿಸುವವರು ಯಾರು? ಸೈಟೇಶನ್ ಎಣಿಸುವ ಸ್ಕೋಪಸ್‌ನಂಥ ಪಟ್ಟಿಗಳ ಮುಖ್ಯ ಲೆಕ್ಕವೆಲ್ಲ ಜರ್ನಲ್‌ಗಳದು, ಅದರಲ್ಲೂ ಇಂಗ್ಲಿಷಿನವು.

ಹೋಲಿಸಲೇಬೇಕು ಅಂದರೆ ಮೇಡಂ ಅವರನ್ನು ಅವರದೇ ಶಾಖೆಯ ಗಣಿತಜ್ಞರ ಜೊತೆ ಇಟ್ಟು ನೋಡಿ. ಅದೂ ಸರಿಸುಮಾರು ಅದೇ ವರ್ಷ ಪಿಎಚ್‌ಡಿ ಮುಗಿಸಿದವರ ಜೊತೆ. ಎಚ್-ಇಂಡೆಕ್ಸ್ ಕೆಳಗೆ ಇಳಿಯೋದೇ ಇಲ್ಲ, ಹಾಗಾಗಿ ಹಿರಿಯರದು ಮೇಲಿರುವುದು ಸಹಜ. ಇಬ್ಬರ ಅಂಕಿಯನ್ನೂ ಒಂದೇ ಕಡೆಯಿಂದ ತೆಗೆದುಕೊಳ್ಳಿ. ಗೂಗಲ್ ಸ್ಕಾಲರ್ ಥೀಸಿಸ್, ಅಚ್ಚಾಗದ ಬರಹ ಎಲ್ಲವನ್ನೂ ಸೇರಿಸಿಕೊಳ್ಳುತ್ತದೆ. ಹಾಗಾಗಿ ಸಾಮಾನ್ಯವಾಗಿ ಸ್ಕೋಪಸ್‌ಗಿಂತ ಜಾಸ್ತಿಯೇ ತೋರಿಸುತ್ತದೆ. ಅವರ ಪುಟದಲ್ಲಿರುವ ಪೇಪರುಗಳ ಪಟ್ಟಿಯನ್ನೂ ಒಮ್ಮೆ ಕೆಳಗಿನ ತನಕ ನೋಡಿಬಿಡಿ. ಇನಿಷಿಯಲ್ ಹಾಕಿ ‘ಎಸ್. ಕುಮಾರ್’ ಅಂತ ಬರೆದುಕೊಳ್ಳುವವರ ಪುಟದಲ್ಲಿ ಇನ್ಯಾರೋ ಕುಮಾರ್ ಅವರ ಪೇಪರುಗಳೂ ಬಂದು ಕೂತಿರಬಹುದು.